ಪ್ರೌಢಶಾಲಾ ಶಿಕ್ಷಕರ ಕೈಯಲ್ಲಿ ಮೊದಲು ಏನಿರಬೇಕು?

ಪ್ರಶ್ನೆ: ನಾನು ಪ್ರೌಢಶಾಲೆಯೊಂದರಲ್ಲಿ ಗಣಿತ ಮತ್ತು ವಿಜ್ಞಾನ ಕಲಿಸಲು ಹೊಸದಾಗಿ ಸೇರುತ್ತಿದ್ದೇನೆ. ಐದು ವಿಭಾಗಗಳಿವೆ, ಒಂದೊಂದರಲ್ಲಿ ಸುಮಾರು ನಲವತ್ತು ವಿದ್ಯಾರ್ಥಿಗಳು. ನನ್ನದೇ ಎನ್ನುವ ಕೊಠಡಿ ಇಲ್ಲ, ಪ್ರತಿ ಅವಧಿಗೂ ಬೇರೆ ತರಗತಿಗೆ ಹೋಗಬೇಕು. ಶಿಕ್ಷಕರಿಗೆ ಬೇಕಾದ ಸಾಮಗ್ರಿಗಳೆಂದು ಸಿಗುವ ಪಟ್ಟಿಗಳಲ್ಲಿ ಐವತ್ತು ಅರವತ್ತು ವಸ್ತುಗಳಿರುತ್ತವೆ. ಇವುಗಳಲ್ಲಿ ನಿಜವಾಗಿ ಅಗತ್ಯವಾದವು ಯಾವುವು? ಯಾವುದನ್ನು ಸ್ವಂತ ಹಣದಿಂದ ಕೊಳ್ಳಬೇಕು, ಯಾವುದನ್ನು ಶಾಲೆಯಿಂದ ಕೇಳಿ ಪಡೆಯಬೇಕು?

ಉತ್ತರ: ನೀವು ನೋಡಿರುವಂಥ ಪಟ್ಟಿಗಳಲ್ಲಿ ಬಹುಪಾಲು ಪ್ರಾಥಮಿಕ ತರಗತಿಯ ಶಿಕ್ಷಕರನ್ನು ಮನಸ್ಸಿನಲ್ಲಿಟ್ಟುಕೊಂಡು ತಯಾರಾದವು. ದಿನವಿಡೀ ಒಂದೇ ಕೊಠಡಿಯಲ್ಲಿ, ಒಂದೇ ಗುಂಪಿನ ಮಕ್ಕಳೊಂದಿಗೆ ಇರುವವರಿಗೆ ಗೋಡೆ, ಕಪಾಟು, ಮೂಲೆ ಎಲ್ಲವೂ ತಮ್ಮವೇ ಆಗಿರುತ್ತವೆ. ಸಾಮಗ್ರಿಗಳನ್ನು ಒಮ್ಮೆ ಜೋಡಿಸಿಟ್ಟರೆ ವರ್ಷವಿಡೀ ಅಲ್ಲೇ ಇರುತ್ತವೆ. ನಿಮ್ಮ ಸ್ಥಿತಿ ಬೇರೆ. ಇನ್ನೂರು ವಿದ್ಯಾರ್ಥಿಗಳು, ಐದು ಕೊಠಡಿಗಳು, ಗಂಟೆ ಬಾರಿಸಿದ ಕೂಡಲೇ ಜಾಗ ಬದಲಿಸುವ ಅವಸರ ನಿಮ್ಮದು. ಹಾಗಾಗಿ ಒಂದು ವಸ್ತು ಚೆನ್ನಾಗಿದೆಯೇ, ಉಪಯುಕ್ತವೇ ಎಂದು ಕೇಳುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಅದು ಕೈಯಲ್ಲಿ ಇಲ್ಲದಿದ್ದರೆ ಪಾಠ ನಿಲ್ಲುತ್ತದೆಯೇ ಎಂದು ಕೇಳಿಕೊಳ್ಳಿ. ಮಾರ್ಕರ್ ಹುಡುಕುವುದು, ಪೆನ್ನು ತರದವನನ್ನು ಪಕ್ಕದ ತರಗತಿಗೆ ಕಳಿಸುವುದು, ಹಾಳೆಗಳನ್ನು ವಿಂಗಡಿಸುವುದು, ಇಂಥವುಗಳಲ್ಲಿ ಒಂದು ವಿಭಾಗಕ್ಕೆ ದಿನಕ್ಕೆ ಎರಡೇ ನಿಮಿಷ ಹೋಗುತ್ತದೆ ಎಂದಿಟ್ಟುಕೊಳ್ಳಿ. ವರ್ಷದಲ್ಲಿ 200 ದಿನ ಪಾಠ ನಡೆದರೆ ಅದು 400 ನಿಮಿಷ, ಅಂದರೆ 40 ನಿಮಿಷದ ಹತ್ತು ಅವಧಿಗಳು. ಇಡೀ ಒಂದು ಅಧ್ಯಾಯವನ್ನು ನಿಧಾನವಾಗಿ ಕಲಿಸಲು ಅಷ್ಟು ಸಮಯ ಸಾಕು.

ಮೊದಲ ಸ್ಥಾನ ಹಲಗೆಯ ಮೇಲೆ ಬರೆಯುವ ಸಾಮಗ್ರಿಗೆ. ಗಣಿತ ಕಲಿಸುವವರಿಗಂತೂ ಇದಕ್ಕಿಂತ ದೊಡ್ಡ ಸಾಧನ ಬೇರೆ ಇಲ್ಲ. ಕೊಳ್ಳುವ ಮುನ್ನ ನೀವು ಹೋಗಬೇಕಾದ ಐದೂ ಕೊಠಡಿಗಳಿಗೆ ಒಮ್ಮೆ ಹೋಗಿ ಹಲಗೆಗಳನ್ನು ನೋಡಿ ಬನ್ನಿ, ಏಕೆಂದರೆ ಒಂದೇ ಶಾಲೆಯಲ್ಲಿ ಎರಡು ಕೊಠಡಿಗಳಲ್ಲಿ ಬಿಳಿ ಬೋರ್ಡು, ಮೂರರಲ್ಲಿ ಹಸಿರು ಹಲಗೆ ಇರುವುದು ಅಪರೂಪವೇನಲ್ಲ. ಸೀಮೆಸುಣ್ಣದ ಹಲಗೆಯಾದರೆ ಧೂಳು ಕಡಿಮೆ ಎಂದು ಬರೆದಿರುವ ಕಡ್ಡಿಗಳನ್ನೇ ಆರಿಸಿ. ಸಾಮಾನ್ಯ ಕಡ್ಡಿಗಳನ್ನು ಹೆಚ್ಚಾಗಿ ಜಿಪ್ಸಂನಿಂದ ಮಾಡುತ್ತಾರೆ, ಅವುಗಳ ಪುಡಿ ಹಗುರವಾಗಿ ಗಾಳಿಯಲ್ಲಿ ತೇಲುತ್ತದೆ. ಧೂಳು ಕಡಿಮೆ ಇರುವವುಗಳಲ್ಲಿ ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಇರುತ್ತದೆ, ಅದರ ಕಣಗಳು ದೊಡ್ಡವಾಗಿಯೂ ಭಾರವಾಗಿಯೂ ಇರುವುದರಿಂದ ನೇರವಾಗಿ ಕೆಳಗೆ ಬೀಳುತ್ತವೆ. ಹೀಗೆಂದು ಧೂಳು ಪೂರ್ತಿ ಇಲ್ಲವಾಗುವುದಿಲ್ಲ, ಆದ್ದರಿಂದ ಒಣ ಡಸ್ಟರಿನ ಜೊತೆಗೆ ಒಂದು ಒದ್ದೆ ಬಟ್ಟೆಯೂ ಇರಲಿ. ಹಸಿರು ಹಲಗೆಯ ಮೇಲೆ ಬಿಳಿ ಮತ್ತು ಹಳದಿ ಮಾತ್ರ ದೂರದಿಂದ ಚೆನ್ನಾಗಿ ಕಾಣುತ್ತವೆ. ಬಣ್ಣದ ಪೆಟ್ಟಿಗೆಯಲ್ಲಿ ಬರುವ ನೀಲಿ, ಕೆಂಪು ಕಡ್ಡಿಗಳು ಹಿಂದಿನ ಬೆಂಚಿನವರ ಪಾಲಿಗೆ ಇಲ್ಲದಂತೆಯೇ.

ಬಿಳಿ ಬೋರ್ಡಿನ ಮಾರ್ಕರ್ ವಿಷಯದಲ್ಲಿ ಹೊಸಬರಿಗೆ ಗೊತ್ತಿರಬೇಕಾದದ್ದು ಸ್ವಲ್ಪ ಹೆಚ್ಚಿದೆ. ಅದರ ಶಾಯಿಯಲ್ಲಿ ಬಣ್ಣ, ಬೇಗ ಆರುವ ಆಲ್ಕೋಹಾಲ್ ಜಾತಿಯ ದ್ರಾವಕ, ಹಾಗೂ ಬಣ್ಣವು ಬೋರ್ಡಿಗೆ ಅಂಟದಂತೆ ತಡೆಯುವ ಎಣ್ಣೆಯಂಥ ಒಂದು ಪದಾರ್ಥ ಇರುತ್ತವೆ. ದ್ರಾವಕ ಆರಿಹೋದರೂ ಆ ಪದಾರ್ಥ ಮೇಲ್ಮೈಯ ಮೇಲೆ ಉಳಿಯುವುದರಿಂದಲೇ ಬರಹ ಸುಲಭವಾಗಿ ಅಳಿಸಿಹೋಗುತ್ತದೆ. ಪರ್ಮನೆಂಟ್ ಮಾರ್ಕರಿನಲ್ಲಿ ಅದರ ಬದಲಿಗೆ ಅಂಟಿಕೊಳ್ಳುವ ರಾಳ ಇರುತ್ತದೆ. ಯಾರಾದರೂ ತಿಳಿಯದೆ ಪರ್ಮನೆಂಟ್ ಮಾರ್ಕರಿನಲ್ಲಿ ಬರೆದುಬಿಟ್ಟರೆ ಗಾಬರಿಯಾಗಬೇಡಿ. ಆ ಗೆರೆಗಳ ಮೇಲೆಯೇ ಬೋರ್ಡ್ ಮಾರ್ಕರಿನಿಂದ ದಟ್ಟವಾಗಿ ಬರೆದು ತಕ್ಷಣ ಒರೆಸಿದರೆ ಹೊಸ ಶಾಯಿಯ ದ್ರಾವಕವು ಹಳೆಯದನ್ನು ಕರಗಿಸಿಕೊಂಡು ಬರುತ್ತದೆ. ಮಾರ್ಕರನ್ನು ತುದಿ ಮೇಲಾಗಿ ನಿಲ್ಲಿಸಿಟ್ಟರೆ ಶಾಯಿ ಕೆಳಗಿಳಿದು ತುದಿ ಒಣಗುತ್ತದೆ, ಆದ್ದರಿಂದ ಮಲಗಿಸಿಡಿ, ಮುಚ್ಚಳವನ್ನು ಟಕ್ ಎನ್ನುವವರೆಗೆ ಒತ್ತಿ. ಶಾಯಿ ಮತ್ತೆ ತುಂಬಿಸಬಹುದಾದ ಬಗೆಯದನ್ನು ಕೊಂಡರೆ ದೀರ್ಘಕಾಲದಲ್ಲಿ ಖರ್ಚೂ ಕಡಿಮೆ, ಕಸವೂ ಕಡಿಮೆ. ನಿಮ್ಮ ಚೀಲದಲ್ಲಿ ಯಾವಾಗಲೂ ಎರಡು ಕಪ್ಪು, ಒಂದು ನೀಲಿ, ಒಂದು ಕೆಂಪು ಇದ್ದರೆ ಸಾಕು. ಕಪ್ಪು ಎರಡೇಕೆಂದರೆ, ಮುಗಿಯುವುದು ಯಾವಾಗಲೂ ಅದೇ, ಅದೂ ಪ್ರಮೇಯವೊಂದರ ಸಾಧನೆಯ ನಡುವೆ.

ಬಣ್ಣದ ಬಗ್ಗೆ ಇನ್ನೊಂದು ಮಾತು ಸೇರಿಸಬೇಕು. ಕೆಂಪು ಮತ್ತು ಹಸಿರನ್ನು ಬೇರ್ಪಡಿಸಿ ಗುರುತಿಸಲು ಕಷ್ಟಪಡುವವರು ಹುಡುಗಿಯರಲ್ಲಿ ವಿರಳ, ಆದರೆ ಹುಡುಗರಲ್ಲಿ ನೂರಕ್ಕೆ ಐದರಿಂದ ಎಂಟು ಮಂದಿ ಇರಬಹುದು. ಇನ್ನೂರು ಮಂದಿಯಲ್ಲಿ ಅಂಥವರು ಕೆಲವರಾದರೂ ಇರುತ್ತಾರೆ, ಅವರಲ್ಲಿ ಎಷ್ಟೋ ಮಂದಿಗೆ ತಮ್ಮ ಕಣ್ಣಿನ ಈ ವಿಷಯ ತಿಳಿದಿರುವುದೂ ಇಲ್ಲ. ‘ಕೆಂಪು ರೇಖೆಯ ಇಳಿಜಾರು ಹಸಿರು ರೇಖೆಗಿಂತ ಹೆಚ್ಚು’ ಎಂಬ ವಿವರಣೆ ಅವರನ್ನು ತಲುಪುವುದಿಲ್ಲ. ಒಂದನ್ನು ಗೆರೆಯಾಗಿ, ಇನ್ನೊಂದನ್ನು ಚುಕ್ಕೆಗಳಾಗಿ ಎಳೆದು, ಎರಡಕ್ಕೂ ಹೆಸರು ಬರೆದರೆ ಯಾವ ಬಣ್ಣದ ಮಾರ್ಕರ್ ಸಿಕ್ಕರೂ ಪಾಠ ಸಾಗುತ್ತದೆ. ಅಕ್ಷರದ ಗಾತ್ರಕ್ಕೆ ಫಲಕ ಬರೆಯುವವರು ಬಳಸುವ ಒಂದು ಸ್ಥೂಲ ಲೆಕ್ಕವಿದೆ: ಆರಾಮವಾಗಿ ಓದಲು ಪ್ರತಿ ಮೂರು ಮೀಟರ್ ದೂರಕ್ಕೆ ಸುಮಾರು 2.5 ಸೆಂ.ಮೀ. ಎತ್ತರ. ಒಂಬತ್ತು ಮೀಟರ್ ಉದ್ದದ ಕೊಠಡಿಯಲ್ಲಿ ಅದು ಏಳೂವರೆ ಸೆಂ.ಮೀ. ಆಗುತ್ತದೆ. ಗಣಿತದ ಹಲಗೆಯ ಮೇಲೆ ಅಷ್ಟು ದೊಡ್ಡದಾಗಿ ಬರೆಯಲು ಜಾಗವಿರುವುದಿಲ್ಲ, ನಿಜ. ಆದರೆ ಅದರ ಅರ್ಧಕ್ಕಿಂತ ಕೆಳಗಿಳಿಯಬೇಡಿ, ಘಾತಸೂಚಿ ಮತ್ತು ಪಾದಾಂಕಗಳನ್ನು ಬರೆಯುವಾಗ ಇನ್ನಷ್ಟು ಎಚ್ಚರವಿರಲಿ.

ಹಲಗೆಗೆ ಬೇಕಾದ ದೊಡ್ಡ ಜ್ಯಾಮಿತಿ ಉಪಕರಣಗಳು, ಅಂದರೆ ಕೈವಾರ, ಕೋನಮಾಪಕ, ಎರಡು ಸೆಟ್ ಸ್ಕ್ವೇರ್‌ಗಳು ಮತ್ತು ಒಂದು ಮೀಟರ್ ಪಟ್ಟಿ, ಶಾಲೆಯಲ್ಲಿ ಎಲ್ಲೋ ಇದ್ದೇ ಇರುತ್ತವೆ, ಹುಡುಕಿಸಿ ತರಿಸಿಕೊಳ್ಳಿ. ದಾರಕ್ಕೆ ಸೀಮೆಸುಣ್ಣ ಕಟ್ಟಿ ವೃತ್ತ ಎಳೆಯಬಹುದಲ್ಲವೇ ಎಂದು ಕೆಲವರು ಕೇಳುತ್ತಾರೆ. ವೃತ್ತದ ಆಕಾರವನ್ನಷ್ಟೇ ತೋರಿಸಬೇಕಾದರೆ ಅದು ಸಾಕು. ಆದರೆ ರೇಖಾಖಂಡವನ್ನು ಸಮದ್ವಿಭಾಗಿಸುವುದನ್ನೋ ಕೋನವನ್ನು ರಚಿಸುವುದನ್ನೋ ಕಲಿಸುವಾಗ, ಕೈವಾರದ ಅಗಲವನ್ನು ಬದಲಿಸದೆ ಒಂದು ತುದಿಯಿಂದ ಇನ್ನೊಂದಕ್ಕೆ ಸಾಗಿಸುವ ಕ್ರಮವೇ ಪಾಠದ ತಿರುಳು. ಅದನ್ನು ವಿದ್ಯಾರ್ಥಿ ಕಣ್ಣಾರೆ ನೋಡಬೇಕು, ಮತ್ತು ತನ್ನ ಪೆಟ್ಟಿಗೆಯಲ್ಲಿರುವ ಉಪಕರಣದಂಥದ್ದೇ ಉಪಕರಣದಲ್ಲಿ ನೋಡಬೇಕು. ನಕ್ಷೆಗಳಿಗಾಗಿ ಚೌಕಗಳನ್ನು ಮುದ್ರಿಸಿದ, ಸುರುಳಿ ಸುತ್ತಿಡಬಹುದಾದ ಒಂದು ದೊಡ್ಡ ಹಾಳೆ ಇದ್ದರೆ ಪ್ರತಿ ಸಲ ಹಲಗೆಯ ಮೇಲೆ ಚೌಕ ಎಳೆಯುವ ಶ್ರಮ ತಪ್ಪುತ್ತದೆ. ಕೊಠಡಿಯಿಂದ ಕೊಠಡಿಗೆ ಓಡಾಡುವವರಿಗೆ ಸುತ್ತಿಡಬಹುದಾದದ್ದು ಎಂಬ ಗುಣ ಬಹಳ ದೊಡ್ಡದು.

ಎರಡನೆಯದು ಕಾಗದದ ಓಡಾಟ. ನನ್ನ ಅಭಿಪ್ರಾಯದಲ್ಲಿ ಪ್ರೌಢಶಾಲಾ ಶಿಕ್ಷಕರು ಸೋಲುವುದು ಕಲಿಸುವುದರಲ್ಲಿ ಅಷ್ಟಾಗಿ ಅಲ್ಲ, ಇನ್ನೂರು ಮಂದಿಯಿಂದ ಬರಹಗಳನ್ನು ಪಡೆದು, ತಿದ್ದಿ, ತಪ್ಪದೆ ಹಿಂತಿರುಗಿಸುವುದರಲ್ಲಿ. ಒಂದು ನೋಟ್‌ಬುಕ್ ಕಾಲು ಕಿಲೋ ತೂಗುತ್ತದೆಂದರೂ ಇನ್ನೂರು ಪುಸ್ತಕಗಳು ಐವತ್ತು ಕಿಲೋ ಆಗುತ್ತವೆ. 80 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 80 ಗ್ರಾಂ ತೂಗುವ, ಕಾಗದದ ಒಂದು ಎ4 ಹಾಳೆಯ ತೂಕ ಸುಮಾರು ಐದು ಗ್ರಾಂ, ಅಂದರೆ ಇನ್ನೂರು ಹಾಳೆಗಳಿಗೆ ಒಂದೇ ಕಿಲೋ. ಆದ್ದರಿಂದ ವಾರದ ಕಿರುಪರೀಕ್ಷೆಯನ್ನು ಬಿಡಿ ಹಾಳೆಯಲ್ಲಿ ತೆಗೆದುಕೊಳ್ಳಿ, ಸಾಧ್ಯವಾದರೆ ಅರ್ಧ ಹಾಳೆಯಲ್ಲಿ. ಎ4 ಹಾಳೆಯನ್ನು ಅಡ್ಡಕ್ಕೆ ಎರಡಾಗಿ ಕತ್ತರಿಸಿದರೂ ಉದ್ದ ಅಗಲಗಳ ಅನುಪಾತ ಬದಲಾಗುವುದಿಲ್ಲ, ಅದು ಎರಡರ ವರ್ಗಮೂಲವೇ ಆಗಿ ಉಳಿಯುತ್ತದೆ. ಹಾಗಾಗಿ ಪೂರ್ಣ ಪುಟದ ಪ್ರಶ್ನೆಗಳನ್ನು ನಕಲು ಯಂತ್ರದಲ್ಲಿ 71 ಪ್ರತಿಶತಕ್ಕೆ ಇಳಿಸಿದರೆ ಒಂದು ಹಾಳೆಯಲ್ಲಿ ಎರಡು ಪ್ರತಿಗಳು ಒಂದಿಷ್ಟೂ ಜಾಗ ವ್ಯರ್ಥವಾಗದಂತೆ ಕೂರುತ್ತವೆ. ಇದನ್ನೇ ಒಂದು ದಿನ ಹತ್ತನೆಯ ತರಗತಿಯವರಿಗೆ ಲೆಕ್ಕವಾಗಿ ಕೊಡಬಹುದು.

ಈ ಹಾಳೆಗಳಿಗೆ ಬೇಕಾದದ್ದು ಐದು ಫೈಲುಗಳು, ವಿಭಾಗಕ್ಕೊಂದು, ಪ್ರತಿಯೊಂದಕ್ಕೂ ಬೇರೆ ಬಣ್ಣ ಹಾಗೂ ದೊಡ್ಡಕ್ಷರದ ಹೆಸರು. ಅಂಚಿಗೆ ರಬ್ಬರ್ ಪಟ್ಟಿ ಇರುವ, ಒಳಗೆ ಎರಡು ಜೇಬುಗಳಿರುವ ಬಗೆಯದನ್ನು ಆರಿಸಿ; ಎಡ ಜೇಬಿನಲ್ಲಿ ತಿದ್ದಬೇಕಾದವು, ಬಲ ಜೇಬಿನಲ್ಲಿ ಹಿಂತಿರುಗಿಸಬೇಕಾದವು. ಹಾಳೆ ಹಂಚುವ ದಿನವೇ ಗೈರುಹಾಜರಾದವರ ಪ್ರತಿಯ ಮೇಲೆ ಅವರ ಹೆಸರು ಬರೆದು ಬಲ ಜೇಬಿಗೆ ಹಾಕಿಬಿಟ್ಟರೆ ‘ನನಗೆ ಹಾಳೆ ಸಿಕ್ಕಿಲ್ಲ’ ಎಂಬ ಮಾತು ಅರ್ಧದಷ್ಟು ಕಡಿಮೆಯಾಗುತ್ತದೆ. ಹಾಳೆಗಳನ್ನು ಕ್ರಮಸಂಖ್ಯೆಯ ಪ್ರಕಾರ ಒಟ್ಟುಗೂಡಿಸಲು ವಿದ್ಯಾರ್ಥಿಗಳಿಗೇ ಅಭ್ಯಾಸ ಮಾಡಿಸಿ, ಅಂಕಗಳನ್ನು ದಾಖಲಿಸುವಾಗ ಅದರ ಬೆಲೆ ತಿಳಿಯುತ್ತದೆ. ಅಂಕಗಳಿಗೆ ಚೌಕಗಳಿರುವ ಒಂದು ಪುಸ್ತಕ ಇರಲಿ. ಕಂಪ್ಯೂಟರಿನಲ್ಲೂ ನಮೂದಿಸಿ, ಆದರೆ ವಿದ್ಯುತ್ ಇಲ್ಲದ ಹೊತ್ತಿನಲ್ಲಿ ಪೋಷಕರು ಎದುರಿಗೆ ಬಂದು ಕುಳಿತಾಗ ತೆರೆದು ತೋರಿಸಲು ಆಗುವುದು ಪುಸ್ತಕವನ್ನೇ.

ಸ್ಟೇಪ್ಲರ್ ಕೊಳ್ಳುವಾಗ ಪಿನ್ನಿನ ಸಂಖ್ಯೆ ನೋಡಿ. 24/6 ಎಂದರೆ ತಂತಿಯ ದಪ್ಪ 24 ಗೇಜ್, ಪಿನ್ನಿನ ಕಾಲಿನ ಉದ್ದ 6 ಮಿ.ಮೀ.; ಇಪ್ಪತ್ತು ಹಾಳೆಗಳವರೆಗೆ ಇದು ತೊಂದರೆಯಿಲ್ಲದೆ ಚುಚ್ಚುತ್ತದೆ. ಅಂಗೈಯಗಲದ ಸಣ್ಣ ಸ್ಟೇಪ್ಲರಿಗೆ ಹತ್ತು ಹಾಳೆ ದಾಟಿದರೆ ಕಷ್ಟ. ಅದಕ್ಕೂ ಮುಖ್ಯವಾದ ಮಾತೆಂದರೆ ಎರಡು ಅಳತೆಯ ಯಂತ್ರಗಳನ್ನು ಇಟ್ಟುಕೊಳ್ಳಬೇಡಿ, ಅವಸರದಲ್ಲಿ ಕೈಗೆ ಸಿಗುವ ಪಿನ್ನು ಯಾವಾಗಲೂ ಇನ್ನೊಂದರದ್ದೇ ಆಗಿರುತ್ತದೆ. ಕತ್ತರಿ, ಟೇಪು, ಕೆಲವು ದೊಡ್ಡ ಕ್ಲಿಪ್ಪುಗಳು, ಒಂದು ಮೂವತ್ತು ಸೆಂ.ಮೀ. ಪಟ್ಟಿ: ಇವುಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ತಿದ್ದುವ ಪೆನ್ನು ಕೆಂಪೋ ಹಸಿರೋ ಎಂಬ ಚರ್ಚೆಯಲ್ಲಿ ನನಗೆ ಆಸಕ್ತಿ ಕಡಿಮೆ, ಅದು ವಿದ್ಯಾರ್ಥಿಯ ಶಾಯಿಗಿಂತ ಬೇರೆಯಾಗಿ ಕಂಡರೆ ಸಾಕು.

ಮೂರನೆಯದಾಗಿ, ತರಗತಿಯಲ್ಲಿ ಎಲ್ಲರೂ ಯೋಚಿಸುತ್ತಿದ್ದಾರೆಯೇ ಎಂದು ತಿಳಿಯಲು ಒಂದು ಸಾಧನ ಬೇಕು. ಪ್ರಶ್ನೆ ಕೇಳಿದಾಗ ಕೈ ಎತ್ತುವವರು ಅದೇ ಆರು ಮಂದಿ. ಇದಕ್ಕೆ ಪರಿಹಾರ ಸಣ್ಣ ಬಿಳಿ ಹಲಗೆಗಳು: ಎಲ್ಲರೂ ಉತ್ತರ ಬರೆದು ಒಟ್ಟಿಗೆ ಎತ್ತಿ ತೋರಿಸುತ್ತಾರೆ, ಯಾರು ಎಲ್ಲಿ ತಪ್ಪಿದ್ದಾರೆಂದು ನಿಮಗೆ ಒಂದೇ ನೋಟದಲ್ಲಿ ಗೊತ್ತಾಗುತ್ತದೆ. ಅವನ್ನು ಕೊಳ್ಳಲೇಬೇಕೆಂದಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಫೈಲ್ ಜೇಬಿನೊಳಗೆ ಒಂದು ಬಿಳಿ ರಟ್ಟನ್ನು ಸೇರಿಸಿದರೆ ಅದರ ಮೇಲೆ ಬೋರ್ಡ್ ಮಾರ್ಕರಿನಲ್ಲಿ ಬರೆದು ಬಟ್ಟೆ ಚೂರಿನಲ್ಲಿ ಅಳಿಸಬಹುದು. ರಟ್ಟಿನ ಹಿಂಬದಿಗೆ ಗ್ರಾಫ್ ಹಾಳೆ ಅಂಟಿಸಿದರೆ ನಕ್ಷೆಯ ಪಾಠಕ್ಕೂ ಅದೇ ಆಯಿತು. ಇಬ್ಬರಿಗೆ ಒಂದರಂತೆ ಇಪ್ಪತ್ತು ಮಾಡಿಕೊಂಡರೆ ಐದೂ ವಿಭಾಗಗಳಿಗೆ ಅವೇ ಸಾಕು. ಇವುಗಳ ಇನ್ನೊಂದು ಲಾಭ, ಶಿಕ್ಷಕರನ್ನು ಕಾಯುವಂತೆ ಮಾಡುವುದು. ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ ಅವರು 1970ರ ದಶಕದಲ್ಲಿ ವಿಜ್ಞಾನದ ತರಗತಿಗಳನ್ನು ಗಮನಿಸಿ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆಂದೂ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ದೀರ್ಘವಾಗಿ, ಹೆಚ್ಚು ಮಂದಿಯಿಂದ ಬರುತ್ತವೆಂದೂ ಕಂಡರು. ಕೈಯಲ್ಲಿ ಹಲಗೆಯಿದ್ದಾಗ ಬರೆದು ಮುಗಿಸುವವರೆಗೆ ನೀವು ಹೇಗೂ ಕಾಯಲೇಬೇಕು.

ಇನ್ನು ವಿದ್ಯಾರ್ಥಿಗಳು ಮರೆತು ಬರುವ ವಸ್ತುಗಳು. ಹತ್ತು ಹನ್ನೆರಡು ಪೆನ್ಸಿಲು, ಕೆಲವು ಪೆನ್ನು, ಎರಡು ಮೂರು ರಬ್ಬರ್, ಒಂದು ಶಾರ್ಪನರ್, ಕೆಲವು ಗ್ರಾಫ್ ಹಾಳೆ, ಎರಡು ಜ್ಯಾಮಿತಿ ಪೆಟ್ಟಿಗೆ, ಇವು ಒಂದು ಡಬ್ಬಿಯಲ್ಲಿರಲಿ. ಹೀಗೆ ಕೊಡುವುದರಿಂದ ಮಕ್ಕಳು ಜವಾಬ್ದಾರಿ ಕಲಿಯುವುದಿಲ್ಲ ಎಂದು ವಾದಿಸುವ ಹಿರಿಯ ಸಹೋದ್ಯೋಗಿಗಳು ನಿಮಗೆ ಸಿಗುತ್ತಾರೆ. ನಾನು ಒಪ್ಪುವುದಿಲ್ಲ. ಪೆನ್ನಿಲ್ಲದೆ ನಲವತ್ತು ನಿಮಿಷ ಸುಮ್ಮನೆ ಕುಳಿತ ಹುಡುಗನಿಗೆ ಆ ದಿನ ಗಣಿತವೂ ಬರಲಿಲ್ಲ, ಜವಾಬ್ದಾರಿಯೂ ಬರಲಿಲ್ಲ. ಮರೆವಿನ ಬಗ್ಗೆ ಮಾತಾಡುವುದಿದ್ದರೆ ಗಂಟೆ ಬಾರಿಸಿದ ಮೇಲೆ, ಒಬ್ಬನೇ ಇರುವಾಗ ಮಾತಾಡಿ. ಕೊಟ್ಟ ವಸ್ತು ಹಿಂತಿರುಗಬೇಕಾದರೆ ಒತ್ತೆ ಇಟ್ಟುಕೊಳ್ಳುವ ಉಪಾಯಗಳು ಬೇಡ. ಡಬ್ಬಿಯ ಮುಚ್ಚಳದ ಒಳಗೆ ಎಣಿಕೆ ಬರೆದಿಟ್ಟು, ಕೊನೆಯ ಒಂದು ನಿಮಿಷದಲ್ಲಿ ಒಬ್ಬ ವಿದ್ಯಾರ್ಥಿ ಎಣಿಸಿ ಹೇಳಿದ ಮೇಲೆಯೇ ತರಗತಿ ಏಳುವ ಪದ್ಧತಿ ಸಾಕಾಗುತ್ತದೆ.

ಪ್ರೊಜೆಕ್ಟರ್ ಇರುವ ಕೊಠಡಿಗಳಿಗೆ ಹೋಗುವುದಾದರೆ ನಿಮ್ಮ ಲ್ಯಾಪ್‌ಟಾಪಿಗೆ ಹೊಂದುವ ಎಚ್‌ಡಿಎಂಐ ಅಥವಾ ವಿಜಿಎ ಅಡಾಪ್ಟರ್ ನಿಮ್ಮದೇ ಇರಲಿ, ಏಕೆಂದರೆ ಎಲ್ಲರಿಗೂ ಸೇರಿದ ಅಡಾಪ್ಟರ್ ಬೇಕಾದ ಹೊತ್ತಿಗೆ ಬೇರೆ ಕೊಠಡಿಯಲ್ಲಿರುತ್ತದೆ. ಪಾಠದ ಪುಟಗಳ ಪಿಡಿಎಫ್ ಪ್ರತಿ ಒಂದು ಪೆನ್‌ಡ್ರೈವಿನಲ್ಲಿಯೂ ಇರಲಿ. ಬೇರೆ ಯಂತ್ರದಲ್ಲಿ ತೆರೆದಾಗ ಅಕ್ಷರಗಳು ಕೆಡದೆ ಉಳಿಯುವುದು ಪಿಡಿಎಫ್ ಆಗಿದ್ದರೆ ಮಾತ್ರ, ಕನ್ನಡ ಅಕ್ಷರಗಳಿಗಂತೂ ಈ ಮುನ್ನೆಚ್ಚರಿಕೆ ಬೇಕೇ ಬೇಕು. ಪುಟ ತಿರುಗಿಸುವ ರಿಮೋಟ್ ಇದ್ದರೆ ನೀವು ಮೇಜಿಗೆ ಅಂಟಿಕೊಂಡಿರಬೇಕಿಲ್ಲ. ಅದರಲ್ಲಿ ಲೇಸರ್ ಇದ್ದರೆ ಎರಡನೆಯ ವರ್ಗದ್ದೇ, ಅಂದರೆ ಒಂದು ಮಿಲಿವ್ಯಾಟ್ ಮೀರದ್ದೇ, ಎಂದು ಮೇಲಿನ ಚೀಟಿಯಲ್ಲಿ ಖಚಿತಪಡಿಸಿಕೊಳ್ಳಿ ಮತ್ತು ಅದನ್ನು ವಿದ್ಯಾರ್ಥಿಗಳ ಕೈಗೆ ಕೊಡಬೇಡಿ. ಸಮಯ ತೋರಿಸಲು ಎಲ್ಲರಿಗೂ ಕಾಣುವ ಗಡಿಯಾರವೋ ಮೇಜಿನ ಮೇಲಿಡುವ ಟೈಮರೋ ಇರಲಿ. ಮೊಬೈಲ್ ಈ ಕೆಲಸಕ್ಕೆ ಒಳ್ಳೆಯದಲ್ಲ, ಅದರ ಅಂಕಿಗಳು ನಿಮಗೊಬ್ಬರಿಗೇ ಕಾಣುತ್ತವೆ, ಬರುವ ಸಂದೇಶಗಳು ಗಮನ ಕೆಡಿಸುತ್ತವೆ.

ಗಂಟಲಿನ ಬಗ್ಗೆ ಪಟ್ಟಿಗಳು ಏನೂ ಹೇಳುವುದಿಲ್ಲ, ಆದರೆ ದಿನಕ್ಕೆ ಐದು ಅವಧಿ ಮಾತಾಡುವವರ ಮುಖ್ಯ ಉಪಕರಣ ಅದೇ. ನೀರಿನ ಬಾಟಲಿ ಚೀಲದ ಖಾಯಂ ವಸ್ತುವಾಗಲಿ. ಗದ್ದಲ ಅಡಗಿಸಲು ಕೂಗುವ ಬದಲು ಮೇಜಿನ ಮೇಲೆ ತಟ್ಟುವ ಪುಟ್ಟ ಗಂಟೆಯೊಂದನ್ನು ರೂಢಿ ಮಾಡಿಕೊಳ್ಳಿ. ಸಂಜೆಯ ಹೊತ್ತಿಗೆ ದನಿ ಒಡೆಯುವುದು ವಾರಗಟ್ಟಲೆ ಮುಂದುವರಿದರೆ ವೈದ್ಯರಿಗೆ ತೋರಿಸಿ, ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಧ್ವನಿವರ್ಧಕವನ್ನು ಆಗ ಪರಿಗಣಿಸಬಹುದು. ಇದೇ ಚೀಲದ ಒಂದು ಸಣ್ಣ ಜೇಬಿನಲ್ಲಿ ಕೆಲವು ಅಂಟುಪಟ್ಟಿ, ಒಂದು ಜೊತೆ ಬಿಸಾಡುವ ಕೈಗವಸು, ಟಿಶ್ಯೂ ಮತ್ತು ಕಾಗದದ ಲಕೋಟೆಯಲ್ಲಿಟ್ಟ ಎರಡು ಮೂರು ಸ್ಯಾನಿಟರಿ ಪ್ಯಾಡ್ ಇರಲಿ. ನೀವು ಪುರುಷರಾಗಿದ್ದರೂ ಇರಲಿ. ಎಲ್ಲಿವೆ ಎಂದು ವರ್ಷಾರಂಭದಲ್ಲಿ ಒಮ್ಮೆ ಸಹಜವಾಗಿ ಹೇಳಿಬಿಟ್ಟರೆ ಹುಡುಗಿಯರು ಕೇಳದೆಯೇ ತೆಗೆದುಕೊಳ್ಳಬಹುದು. ಮಾತ್ರೆಗಳನ್ನು ಮಾತ್ರ ನೀವಾಗಿ ಕೊಡಬೇಡಿ, ತಲೆನೋವಿಗೂ ಸಹ.

ಕೊಳ್ಳಬೇಡಿ ಎನ್ನುವವುಗಳಲ್ಲಿ ಮೊದಲನೆಯದು ಲ್ಯಾಮಿನೇಷನ್ ಯಂತ್ರ. ಪ್ರೇರಣೆಯ ಮಾತುಗಳಿರುವ ಭಿತ್ತಿಪತ್ರ, ಹೊಳೆಯುವ ಸ್ಟಿಕ್ಕರು, ದಿನಕ್ಕೆ ಎರಡು ಪುಟ ತುಂಬಿಸಬೇಕಾದ ದಪ್ಪ ಯೋಜನಾ ಪುಸ್ತಕ, ಇವೂ ಬೇಡ. ನಿಮ್ಮದೇ ಗೋಡೆ ಇಲ್ಲದಿರುವಾಗ ಅವು ಚೀಲದ ಭಾರವಷ್ಟೇ. ಆ ಹಣವನ್ನು ಗಟ್ಟಿಯಾದ, ಅಗಲ ಬಾಯಿಯ, ಎರಡೂ ಹೆಗಲಿಗೆ ಹಾಕಿಕೊಳ್ಳಬಹುದಾದ ಒಂದು ಚೀಲಕ್ಕೆ ಬಳಸಿ. ನಾನು ಇಲ್ಲಿ ಹೇಳಿದವುಗಳಲ್ಲಿ ಜ್ಯಾಮಿತಿ ಉಪಕರಣಗಳನ್ನೂ ಸುರುಳಿ ಹಾಳೆಯನ್ನೂ ಬಿಟ್ಟು ಉಳಿದೆಲ್ಲವೂ ಅದರಲ್ಲಿ ಹಿಡಿಯುತ್ತವೆ.

ಕೊನೆಯದಾಗಿ ನಿಮ್ಮ ಎರಡನೆಯ ಪ್ರಶ್ನೆ. ನಿಮ್ಮ ಕೈಗೂ ಅಭ್ಯಾಸಕ್ಕೂ ಹೊಂದಬೇಕಾದವನ್ನು, ಅಂದರೆ ಚೀಲ, ಫೈಲು, ಪೆನ್ನು, ಅಡಾಪ್ಟರ್, ಟೈಮರ್ ಇಂಥವನ್ನು ನೀವೇ ಕೊಳ್ಳಿ, ಶಾಲೆ ಬದಲಿಸಿದರೂ ಅವು ನಿಮ್ಮೊಂದಿಗೆ ಬರುತ್ತವೆ. ಬಳಸಿ ಮುಗಿಯುವ ವಸ್ತುಗಳನ್ನೂ ಸುರಕ್ಷತೆಗೆ ಸಂಬಂಧಿಸಿದವನ್ನೂ ಶಾಲೆಯಿಂದಲೇ ಪಡೆಯಬೇಕು. ಸುರಕ್ಷತೆಯ ವಿಷಯದಲ್ಲಿ ಇದು ಹಣದ ಪ್ರಶ್ನೆ ಮಾತ್ರವಲ್ಲ: ನಿಮ್ಮ ಹಣದಿಂದ ತಂದ ಅಗ್ಗದ ಕನ್ನಡಕ ಧರಿಸಿದ ವಿದ್ಯಾರ್ಥಿಯ ಕಣ್ಣಿಗೆ ಆಮ್ಲ ಸಿಡಿದರೆ ಹೊಣೆ ಯಾರದೆಂಬ ಪ್ರಶ್ನೆ ಏಳುತ್ತದೆ. ಆಮ್ಲ, ಕ್ಷಾರ ಬಳಸುವಾಗಲೂ ದ್ರವ ಕಾಯಿಸುವಾಗಲೂ ಬದಿಗಳಿಂದಲೂ ಮುಚ್ಚಿದ ರಕ್ಷಣಾ ಕನ್ನಡಕ ಬೇಕು, ದೃಷ್ಟಿದೋಷದ ಕನ್ನಡಕ ಅದಕ್ಕೆ ಬದಲಿಯಲ್ಲ. ಗುಂಪಿಗೆ ಒಂದಿದ್ದರೆ ಸಾಲದು, ಪಕ್ಕದಲ್ಲಿ ನಿಂತು ನೋಡುವವರಿಗೂ ಬೇಕು, ನಿಮಗೂ ಬೇಕು, ಅಂದರೆ ನಲವತ್ತೊಂದು. ಅಷ್ಟು ಸಿಗುವವರೆಗೆ ಅಂಥ ಪ್ರಯೋಗಗಳನ್ನು ನೀವೊಬ್ಬರೇ ಕನ್ನಡಕ ಧರಿಸಿ, ವಿದ್ಯಾರ್ಥಿಗಳನ್ನು ದೂರದಲ್ಲಿ ಕೂರಿಸಿ ಮಾಡಿ ತೋರಿಸಿ.

ಕಾಗದವನ್ನು ಕೇಳುವಾಗ ‘ಸ್ವಲ್ಪ ಹಾಳೆ ಬೇಕು’ ಎನ್ನಬೇಡಿ, ಲೆಕ್ಕ ಬರೆದುಕೊಡಿ. ವಾರಕ್ಕೆ ಒಬ್ಬ ವಿದ್ಯಾರ್ಥಿಗೆ ಅರ್ಧ ಹಾಳೆಯಂತೆ ಇನ್ನೂರು ಮಂದಿಗೆ ನೂರು ಹಾಳೆ, ನಲವತ್ತು ವಾರಗಳಿಗೆ ನಾಲ್ಕು ಸಾವಿರ, ಅಂದರೆ ಐನೂರು ಹಾಳೆಗಳ ಎಂಟು ಕಟ್ಟು. ಮಾರ್ಕರಿಗೂ ಸೀಮೆಸುಣ್ಣಕ್ಕೂ ಮೊದಲ ತಿಂಗಳ ನಿಮ್ಮ ಬಳಕೆಯನ್ನು ಗುರುತಿಸಿಟ್ಟು ಹೀಗೆಯೇ ಲೆಕ್ಕ ಹಾಕಬಹುದು. ಇಂಥ ಒಂದು ಪುಟದ ಬೇಡಿಕೆಯನ್ನು ದಿನಾಂಕ ಹಾಕಿ ಮುಖ್ಯೋಪಾಧ್ಯಾಯರಿಗೆ ಕೊಟ್ಟು ಅದರ ಒಂದು ನಕಲನ್ನು ನಿಮ್ಮ ಬಳಿ ಇಟ್ಟುಕೊಳ್ಳಿ, ಮತ್ತು ವರ್ಷದ ಖರೀದಿ ಪಟ್ಟಿ ಅಂತಿಮವಾಗುವ ಮುನ್ನ ಕೊಡಿ. ರಕ್ಷಣಾ ಕನ್ನಡಕದ ಬೇಡಿಕೆ ಪ್ರತ್ಯೇಕ ಹಾಳೆಯಲ್ಲಿರಲಿ, ಎಂಟು ಕಟ್ಟು ಕಾಗದದ ಜೊತೆಗೆ ಅದೂ ಮುಂದಿನ ವರ್ಷಕ್ಕೆ ಹೋಗದಂತೆ.